ಮದ್ದಿನ ಕಾಕ ಕಲಿಸಿದ ಪಾಠ

ಮನುಷ್ಯನು ಪೇಟೆಯಲ್ಲಿ ಕೊಳ್ಳುವ ವಸ್ತುಗಳಲ್ಲಿ ಹೆಚ್ಚಿನವನ್ನು ತಾನೇ ಪರೀಕ್ಷಿಸಿ ನೋಡಬಲ್ಲನು. ಅಕ್ಕಿಯನ್ನು ಅಂಗೈಯಲ್ಲಿಟ್ಟು ನೋಡುತ್ತಾನೆ. ಮೀನಿನ ಕಿವಿರನ್ನು ಎತ್ತಿ ನೋಡುತ್ತಾನೆ. ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾನೆ. ಆದರೆ ಮದ್ದಿನಂಗಡಿಯ ಮುಂದೆ ನಿಂತವನಿಗೆ ಇಂಥ ಯಾವ ಪರೀಕ್ಷೆಯೂ ಸಾಧ್ಯವಿಲ್ಲ. ಚೀಟಿಯಲ್ಲಿ ಬರೆದುದು ಅವನಿಗೆ ಓದಲು ಬರುವುದಿಲ್ಲ. ಕೊಟ್ಟ ಮಾತ್ರೆ ಅದುವೇ ಹೌದೋ ಅಲ್ಲವೋ ತಿಳಿಯುವುದಿಲ್ಲ. ಅವನು ಕೇವಲ ನಂಬುತ್ತಾನೆ. ನಂಬಿ ಅದನ್ನು ತನ್ನ ಮಗುವಿನ ಬಾಯಿಗೆ ಹಾಕುತ್ತಾನೆ.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಪವಿತ್ರ ಕುರ್‌ಆನ್ ಅಧ್ಯಾಯ ಅನ್ನಿಸಾದ 58ನೆಯ ಸೂಕ್ತದಲ್ಲಿ ಆಜ್ಞಾಪಿಸಿದೆ. ಅಮಾನತ್ ಎಂದೊಡನೆ ನಾವು ಇನ್ನೊಬ್ಬರು ನಮ್ಮಲ್ಲಿಟ್ಟ ಹಣವನ್ನೋ ಒಡವೆಯನ್ನೋ ನೆನೆಯುತ್ತೇವೆ. ಆದರೆ ಒಬ್ಬನು ತನಗೆ ತಿಳಿಯದ ವಿಷಯದಲ್ಲಿ ಇನ್ನೊಬ್ಬನ ತಿಳಿವಳಿಕೆಯನ್ನು ನಂಬಿ ತನ್ನ ಜೀವವನ್ನೇ ಒಪ್ಪಿಸಿದರೆ, ಅದಕ್ಕಿಂತ ದೊಡ್ಡ ಅಮಾನತ್ ಯಾವುದಿದೆ? ಈ ಮಾತನ್ನು ನಾನು ಗ್ರಂಥಗಳಲ್ಲಿ ಓದಿದ್ದೆ, ಮದ್ರಸದ ಮಕ್ಕಳಿಗೂ ಹೇಳಿಕೊಟ್ಟಿದ್ದೆ. ಆದರೆ ಅದು ಬದುಕಿನಲ್ಲಿ ಹೇಗಿರುತ್ತದೆಂದು ತೋರಿಸಿಕೊಟ್ಟವರು ದಕ್ಷಿಣ ಕನ್ನಡದ ಒಂದು ಸಣ್ಣ ಪೇಟೆಯ ಮದ್ದಿನಂಗಡಿಯವರು. ಕಳೆದ ವರ್ಷ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಹೆಸರು ಬರೆಯುವುದು ಮನೆಯವರಿಗೆ ಇಷ್ಟವಿಲ್ಲ. ಊರಿನವರೂ ಹೆಸರಿಡಿದು ಕರೆದವರಲ್ಲ. ಎಲ್ಲರಿಗೂ ಅವರು ‘ಮದ್ದಿನ ಕಾಕ’.

ಕೊಡುವುದಿಲ್ಲ ಎಂದ ದಿನ

ನಾನು ಆ ಊರಿನ ಮದ್ರಸಕ್ಕೆ ಬಂದ ಮೊದಲ ವರ್ಷ ನನ್ನ ಕಿರಿಯ ಮಗಳಿಗೆ ಜ್ವರ ಬಂತು. ಹಿಂದೊಮ್ಮೆ ಹಿರಿಯವಳಿಗೆ ಡಾಕ್ಟರರು ಬರೆದಿದ್ದ ಸೆಫಿಕ್ಸಿಮ್ ಸಿರಪ್‌ನ ಖಾಲಿ ಬಾಟ್ಲಿ ಮನೆಯಲ್ಲಿತ್ತು. ಅದನ್ನು ಹಿಡಿದುಕೊಂಡು ಕಾಕನ ಅಂಗಡಿಗೆ ಹೋಗಿ, ಇದನ್ನೇ ಕೊಡಿ ಎಂದೆ. ಅವರು ಬಾಟ್ಲಿಯನ್ನು ನೋಡಿ ಮೆಲ್ಲನೆ ಹಿಂದಕ್ಕೆ ಸರಿಸಿದರು.

“ಚೀಟಿ ಇಲ್ಲದೆ ಇದನ್ನು ಕೊಡುವುದಿಲ್ಲ ಉಸ್ತಾದ್. ಮಗುವನ್ನು ಡಾಕ್ಟರಿಗೆ ತೋರಿಸಿ.”

ಮದ್ರಸದ ಉಸ್ತಾದನಿಗೆ ಎಲ್ಲರೆದುರು ಇಲ್ಲವೆಂದರಲ್ಲಾ ಎಂದು ನನಗೆ ಕಸಿವಿಸಿಯಾಯಿತು. ಬೇರೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ ಎಂದುಬಿಟ್ಟೆ. ಅವರು ಸಿಟ್ಟಾಗಲಿಲ್ಲ.

“ಮಸ್‌ಅಲ ಗೊತ್ತಿಲ್ಲದಿದ್ದರೆ ನೀವು ಫತ್ವಾ ಕೊಡುತ್ತೀರಾ ಉಸ್ತಾದ್? ಇಲ್ಲವಲ್ಲ. ಮಗುವಿಗೆ ಏನಾಗಿದೆಯೆಂದು ನನಗೆ ಗೊತ್ತಿಲ್ಲ. ನಾನು ಹೇಗೆ ಕೊಡಲಿ?”

ನಾನು ಉತ್ತರಿಸದೆ ಹೊರಟುಬಂದೆ. ಡಾಕ್ಟರರು ಮಗುವನ್ನು ನೋಡಿ, ಇದು ವೈರಸ್ಸಿನ ಜ್ವರ, ಈ ಸಿರಪ್ ಇದಕ್ಕೆ ನಾಟುವುದೇ ಇಲ್ಲ ಎಂದರು. ಇಂಥ ಮದ್ದುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಯೇ ಹೊರತು ವೈರಸ್‌ಗಳನ್ನಲ್ಲ. ಬೇಡದಾಗ ತೆಗೆದುಕೊಂಡರೆ ಬ್ಯಾಕ್ಟೀರಿಯಾಗಳು ಅದಕ್ಕೆ ಒಗ್ಗಿಕೊಂಡು, ನಿಜವಾಗಿ ಬೇಕಾದ ದಿನ ಮದ್ದು ಕೆಲಸ ಮಾಡದೆ ಹೋಗಬಹುದು. ಸೆಫಿಕ್ಸಿಮ್‌ನಂಥ ಕೆಲವು ಮದ್ದುಗಳನ್ನು ಸರಕಾರವು 2014ರಿಂದ ‘ಎಚ್1’ ಎಂಬ ಪಟ್ಟಿಗೆ ಸೇರಿಸಿದೆ. ಅವನ್ನು ಮಾರಿದಾಗ ಬರೆದುಕೊಟ್ಟ ಡಾಕ್ಟರರ ಹೆಸರು, ರೋಗಿಯ ಹೆಸರು, ಮದ್ದು ಎಷ್ಟು ಎಂಬುದನ್ನೆಲ್ಲ ಪುಸ್ತಕದಲ್ಲಿ ಬರೆದು, ಮೂರು ವರ್ಷ ಕಾದಿರಿಸಬೇಕು. ಕಾಕನ ಪುಸ್ತಕ ಅಂಥದ್ದು. ಅದರಲ್ಲಿ ಸುಳ್ಳು ಹೆಸರು ಬರೆಯಲು ಅವರು ಒಪ್ಪಲಿಲ್ಲ. ನನ್ನಂಥ ಪರಿಚಯದವರಿಗಾಗಿಯೂ ಒಪ್ಪಲಿಲ್ಲ.

ವೈದ್ಯ ತಿಳಿಯದವನು ವೈದ್ಯ ಮಾಡಿ ಹಾನಿಯಾದರೆ ಅವನೇ ಅದಕ್ಕೆ ಹೊಣೆಗಾರನೆಂದು ಪ್ರವಾದಿ(ಸ)ಯವರು ಎಚ್ಚರಿಸಿದ ಹದೀಸನ್ನು ಅಬೂ ದಾವೂದ್ ವರದಿ ಮಾಡಿದ್ದಾರೆ. ಆ ಹದೀಸನ್ನು ಓದಿದ್ದವನು ನಾನು. ಅದರಂತೆ ನಡೆದವರು ಅವರು.

ಮಳೆಗಾಲದ ಆ ರಾತ್ರಿ

ಕಾಕ ತಪ್ಪೇ ಮಾಡದ ಮನುಷ್ಯರೇನಲ್ಲ. ಅವರ ಒಂದು ತಪ್ಪಿನಿಂದಲೇ ನಾನು ಅವರನ್ನು ಸರಿಯಾಗಿ ಅರಿತೆ.

ನಮ್ಮ ಮದ್ರಸದಲ್ಲಿ ಓದಿ, ಆಗ ಪಿಯುಸಿಗೆ ಹೋಗುತ್ತಿದ್ದ ಹುಡುಗನೊಬ್ಬ ಸಂಜೆ ಅವರ ಅಂಗಡಿಯಲ್ಲಿ ಸಹಾಯಕ್ಕಿದ್ದ. ಮಗ್ರಿಬ್ ಹೊತ್ತಿಗೆ ಪೇಟೆಯಲ್ಲಿ ಜನ ಹೆಚ್ಚು. ಅಂಗಡಿ ಮುಚ್ಚಿದರೆ ಗಿರಾಕಿಗಳು ಬೇರೆಡೆಗೆ ಹೋಗುತ್ತಾರೆಂದು ಕಾಕ ಆ ಕಾಲು ಗಂಟೆಗೆ ಹುಡುಗನನ್ನು ಕೂರಿಸಿ ಮಸೀದಿಗೆ ಬರುತ್ತಿದ್ದರು. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ಡಾಕ್ಟರರ ಚೀಟಿಗೆ ಮದ್ದು ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟರು. ಅದು ಅವರಿಗೆ ಗೊತ್ತಿತ್ತು. ಆದರೂ ಕಾಲು ಗಂಟೆ ತಾನೇ ಎಂಬ ಸಡಿಲು ಬಂದಿತ್ತು.

ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮುಂಚೆ ಬಿಲ್ಲಿನ ಪ್ರತಿಗಳನ್ನು ಕಪಾಟಿನ ಮಾತ್ರೆಗಳೊಂದಿಗೆ ತಾಳೆ ನೋಡುವುದು ಅವರ ಕ್ರಮ. ಆ ರಾತ್ರಿ ಬಿಲ್ಲಿನಲ್ಲಿ ಸಕ್ಕರೆ ಕಾಯಿಲೆಯ ಗ್ಲಿಮಿಪಿರೈಡ್ 1 ಮಿಲಿಗ್ರಾಮ್ ಎಂದಿದೆ. ಆದರೆ 1ರ ಪೆಟ್ಟಿಗೆ ತುಂಬಿಯೇ ಇದೆ, 4ರ ಪೆಟ್ಟಿಗೆಯಲ್ಲಿ ಒಂದು ಪಟ್ಟಿ ಕಡಿಮೆ! ಎರಡೂ ಒಂದೇ ಕಂಪೆನಿಯದ್ದು, ನೋಡಲು ಒಂದೇ ಥರ. ಒಯ್ದದ್ದು ಗುಡ್ಡದಾಚೆಯ ತೋಟದ ಮನೆಯ ಒಬ್ಬ ವೃದ್ಧೆಯ ಹೆಸರಿನಲ್ಲಿ. ಬೆಳಗ್ಗೆ ಉಪಾಹಾರದ ಹೊತ್ತಿಗೆ ಅದನ್ನು ನುಂಗುತ್ತಾರೆ. ನಾಲ್ಕು ಪಟ್ಟು ಹೆಚ್ಚು ಮದ್ದು. ಸರಿಯಾಗಿ ಊಟ ಸೇರದ ಮುದಿ ದೇಹದಲ್ಲಿ ಸಕ್ಕರೆ ಕುಸಿದುಬಿಟ್ಟರೆ ಪ್ರಜ್ಞೆ ತಪ್ಪಬಹುದು, ಪ್ರಾಣವೂ ಹೋಗಬಹುದು.

ಬಿಲ್ಲಿನಲ್ಲಿ ಫೋನ್ ನಂಬರ್ ಇರಲಿಲ್ಲ. ಜೋರು ಮಳೆ, ಪೇಟೆಯಲ್ಲಿ ಕರೆಂಟಿಲ್ಲ. ಕಾಕ ಹುಡುಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಡಾಮರು ರಸ್ತೆ ಮುಗಿದ ಮೇಲೆ ಟಾರ್ಚು ಹಿಡಿದು ನಡಿಗೆ. ತೋಡಿನ ಮೇಲಿನ ಅಡಿಕೆ ಮರದ ಸಂಕ ದಾಟಿ ಮನೆ ಮುಟ್ಟುವಾಗ ಹತ್ತು ಗಂಟೆ ದಾಟಿತ್ತು. ಹುಡುಗ ಭಯದಿಂದ ಅಳುತ್ತಿದ್ದ. ಮನೆಯ ಯಜಮಾನರು ಬಾಗಿಲು ತೆರೆದಾಗ ಕಾಕ ಹೇಳಿದ್ದು ಇಷ್ಟೇ:

“ಅಮ್ಮನಿಗೆ ಕೊಟ್ಟ ಮಾತ್ರೆ ತಪ್ಪಾಗಿದೆ. ತಪ್ಪು ನನ್ನದು. ಅದನ್ನು ಕೊಡಿ, ಸರಿಯಾದ್ದನ್ನು ತಂದಿದ್ದೇನೆ.”

ಹುಡುಗನ ಹೆಸರನ್ನು ಎತ್ತಲಿಲ್ಲ. ಮನೆಯವರಿಗೆ ಸಿಟ್ಟು ಬಂತು. ‘ನಿಮ್ಮನ್ನು ನಂಬಿ ಬಂದರೆ ಹೀಗೆ ಮಾಡುವುದಾ ಸಾಹೇಬರೇ?’ ಎಂದು ಜೋರಾಗಿಯೇ ಬೈದರು. ಕಾಕ ಮಳೆಯಲ್ಲಿ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಮರುದಿನ ಸುದ್ದಿ ಪೇಟೆಯಿಡೀ ಹಬ್ಬಿತು. ಕೆಲವು ಗಿರಾಕಿಗಳು ಬೇರೆ ಅಂಗಡಿಗೆ ಹೋಗತೊಡಗಿದರು. ಯಾರಿಗೂ ಹೇಳದೆ, ‘ಕಂಪೆನಿಯವರು ಈ ಮಾತ್ರೆ ವಾಪಸು ಕೇಳಿದ್ದಾರೆ’ ಎಂದು ಮೆಲ್ಲನೆ ಬದಲಾಯಿಸಿದ್ದರೆ ಈ ನಷ್ಟ ಬರುತ್ತಿರಲಿಲ್ಲವಲ್ಲ ಎಂದು ಒಬ್ಬರು ಕೇಳಿದರು.

“ಅಲ್ಲಾಹನಿಗೆ ಯಾವ ಕಂಪೆನಿಯ ಹೆಸರು ಹೇಳಲಿ?” ಎಂದರು ಕಾಕ.

ಅಂದಿನಿಂದ ನಮಾಝ್‌ನ ಹೊತ್ತಿಗೆ ಅವರು ಅಂಗಡಿಯ ಬಾಗಿಲನ್ನೇ ಹಾಕಿ ಬರುತ್ತಿದ್ದರು. ಹುಡುಗನನ್ನು ಕೆಲಸದಿಂದ ತೆಗೆಯಲಿಲ್ಲ. ಕಪಾಟು ಒರೆಸುವುದು, ಲೆಕ್ಕ ಬರೆಯುವುದು ಅವನ ಪಾಲು. ಮದ್ದು ಎತ್ತಿ ಕೊಡುವುದು ತನ್ನ ಪಾಲು ಎಂದು ವಿಂಗಡಿಸಿದರು. ಆ ಹುಡುಗ ಇಂದು ಡಿ.ಫಾರ್ಮಾ ಓದುತ್ತಿದ್ದಾನೆ. ಈ ಸಂಗತಿಯನ್ನು ನನಗೆ ಹೇಳಿದವನೂ ಅವನೇ. ಕಾಕ ಎಂದೂ ಹೇಳಿದವರಲ್ಲ.

ಒದ್ದೆ ಧಾನ್ಯದ ಪಾಠ

ಪ್ರವಾದಿ(ಸ)ಯವರು ಮಾರುಕಟ್ಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ಒದ್ದೆಯಾಗಿದ್ದ ಸಂಗತಿಯನ್ನು ಇಮಾಮ್ ಮುಸ್ಲಿಮ್ ವರದಿ ಮಾಡಿದ್ದಾರೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿಯೊಡನೆ, ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಕೇಳಿದರು, ವಂಚಿಸುವವನು ತನ್ನವನಲ್ಲವೆಂದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆಯನ್ನು ಅಡಿಗೆ ಹಾಕಿದ್ದು ತಪ್ಪು. ತಪ್ಪುಗಳು ಎಲ್ಲರಿಂದಲೂ ಆಗುತ್ತವೆ. ಅದನ್ನು ಮೇಲಿಡುತ್ತೇವೆಯೋ ಅಡಿಗಿಡುತ್ತೇವೆಯೋ ಎಂಬುದರಲ್ಲಿ ನಮ್ಮ ಈಮಾನ್‌ನ ಪರೀಕ್ಷೆಯಿದೆ.

ಕೂಫಾದಲ್ಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಇಮಾಮ್ ಅಬೂ ಹನೀಫಾ(ರಹ್)ರವರ ಜೀವನದಲ್ಲೂ ಇಂಥ ಘಟನೆಯನ್ನು ಚರಿತ್ರೆಕಾರರು ದಾಖಲಿಸಿದ್ದಾರೆ. ದೋಷವಿದ್ದ ಬಟ್ಟೆಯೊಂದನ್ನು, ಕೊಳ್ಳುವವರಿಗೆ ದೋಷವನ್ನು ತಿಳಿಸಿ ಮಾರಬೇಕೆಂದು ಅವರು ತಮ್ಮ ಪಾಲುದಾರರಿಗೆ ಹೇಳಿದ್ದರು. ಪಾಲುದಾರರು ಮರೆತು ಹಾಗೆಯೇ ಮಾರಿದರು. ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರು. ಪಾಲುದಾರನ ಮರೆವು ತನಗೆ ಸಂಬಂಧಿಸಿದ್ದಲ್ಲವೆಂದು ಅವರು ಕೈತೊಳೆದುಕೊಳ್ಳಲಿಲ್ಲ.

ಕಾಕನ ಅಂಗಡಿಯಲ್ಲಿ ಇನ್ಸುಲಿನ್ ಇಡುವ ಒಂದು ಸಣ್ಣ ಫ್ರಿಜ್ ಇತ್ತು. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು, ಹೆಪ್ಪುಗಟ್ಟಲೂ ಬಾರದು. ಮಳೆಗಾಲದಲ್ಲಿ ಕರೆಂಟು ಹೋದರೆ ಅವರು ಬಾಟ್ಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಐಸಿಗೆ ನೇರ ತಾಗದಂತೆ ಪೆಟ್ಟಿಗೆಯಲ್ಲಿಟ್ಟು ಥರ್ಮಾಮೀಟರ್ ನೋಡುತ್ತ ಕೂರುತ್ತಿದ್ದರು. ಬೆಚ್ಚಗಾಗಿ ಕೆಟ್ಟ ಇನ್ಸುಲಿನ್ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಮಾರಿದರೆ ಯಾರಿಗೂ ಗೊತ್ತಾಗದು. ಸಂದೇಹ ಬಂದದ್ದನ್ನು ಅವರು ಮಾರುತ್ತಿರಲಿಲ್ಲ.

ಮನೆಯೊಳಗಿನ ಕಾಕ

ಪೇಟೆಯಲ್ಲಿ ಸಭ್ಯರಾಗಿದ್ದು ಮನೆಯಲ್ಲಿ ಕಠೋರರಾಗಿರುವವರಿದ್ದಾರೆ. ಆದ್ದರಿಂದಲೇ ಪ್ರವಾದಿ(ಸ)ಯವರು ಮನುಷ್ಯನ ಒಳಿತನ್ನು ಅವನ ಮನೆಯವರೊಂದಿಗಿನ ವರ್ತನೆಯಿಂದ ಅಳೆದರು. ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ವೇಳೆಯಾದರೆ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ಉತ್ತರಿಸಿದ್ದನ್ನು ಬುಖಾರಿಯಲ್ಲಿ ಕಾಣುತ್ತೇವೆ.

ಕಾಕನ ಪತ್ನಿಗೆ ಹಲವು ವರ್ಷಗಳಿಂದ ಗಂಟುನೋವು. ಬೆಳಗ್ಗೆ ಬೆರಳು ಮಡಚಲು ಬಾರದು. ಫಜ್ರ್ ನಮಾಝ್ ಮುಗಿಸಿ ಬಂದ ಕಾಕ ತೆಂಗಿನಕಾಯಿ ತುರಿದಿಟ್ಟು, ನೀರು ಸೇದಿ, ಚಹಾ ಮಾಡಿ ಕೊಟ್ಟು ಅಂಗಡಿಗೆ ಹೊರಡುತ್ತಿದ್ದರು. ಗಂಡಸು ಅಡುಗೆಮನೆಯಲ್ಲಿ ಕೂರುವುದೇ ಎಂದು ನೆಂಟರು ನಕ್ಕರೆ, ಅಂಗಡಿಯಲ್ಲಿ ಊರಿನವರ ನೋವಿಗೆ ಮದ್ದು ಕೊಡುವವನು ಮನೆಯ ನೋವನ್ನು ಕಾಣದಿದ್ದರೆ ಹೇಗೆ ಎನ್ನುತ್ತಿದ್ದರಂತೆ. ಮಧ್ಯಾಹ್ನದ ಊಟ ಮನೆಯಲ್ಲೇ. ಊಟಕ್ಕೆ ಕುಳಿತಾಗ ವ್ಯಾಪಾರದ ಮಾತಿಲ್ಲ. ಮಗನನ್ನು ಓದಿಸಿದಂತೆಯೇ ಇಬ್ಬರು ಹೆಣ್ಣುಮಕ್ಕಳನ್ನೂ ಡಿಗ್ರಿಯವರೆಗೆ ಓದಿಸಿದರು.

ಅವರು ಬಿಟ್ಟುಹೋದ ಪುಸ್ತಕ

ಕಾಕ ತೀರಿಕೊಂಡ ಕೆಲವು ದಿನಗಳ ಬಳಿಕ ಮಗ ನನ್ನನ್ನು ಮನೆಗೆ ಕರೆದ. ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಒಂದರಲ್ಲಿ ಕಾಕ ಕೊಡಬೇಕಾದದ್ದು, ಇನ್ನೊಂದರಲ್ಲಿ ಅವರಿಗೆ ಬರಬೇಕಾದದ್ದು.

ಶರೀಅತ್‌ನ ಕ್ರಮ ಸ್ಪಷ್ಟವಾಗಿದೆ. ಮೃತರ ಸೊತ್ತಿನಿಂದ ಮೊದಲು ಕಫನ್ ದಫನ್‌ನ ಖರ್ಚು, ಬಳಿಕ ಸಾಲ, ಬಳಿಕ ಮೂರನೆಯ ಒಂದರ ಮಿತಿಯೊಳಗಿನ ವಸಿಯ್ಯತ್, ಉಳಿದುದು ವಾರಸುದಾರರಿಗೆ. ಮಂಗಳೂರಿನ ಸಗಟು ವ್ಯಾಪಾರಿಗಳಿಗೆ ಕೊಡಬೇಕಾದ ಬಿಲ್ಲುಗಳನ್ನು ಕಾಕ ತಾರೀಕು ಸಹಿತ ಬರೆದಿಟ್ಟಿದ್ದರು. ಮಗ ಆ ವಾರವೇ ಅದನ್ನು ತೀರಿಸಿದ.

ಬರಬೇಕಾದ ಪುಸ್ತಕದಲ್ಲಿ ಹಲವು ಹೆಸರುಗಳ ಮೇಲೆ ಗೆರೆ ಎಳೆದು ‘ಬಿಟ್ಟಿದ್ದೇನೆ’ ಎಂದು ಬರೆದಿತ್ತು. ಗೆರೆ ಎಳೆಯದ ಹೆಸರುಗಳೂ ಇದ್ದವು. ಇವನ್ನು ನಾವು ಮಾಫಿ ಮಾಡಬಹುದೇ ಎಂದು ಮಗ ಕೇಳಿದ. ಈ ಹಣ ಈಗ ವಾರಸುದಾರರೆಲ್ಲರ ಹಕ್ಕು. ಪ್ರಾಯಕ್ಕೆ ಬಂದ ಪ್ರತಿಯೊಬ್ಬರೂ ತಂತಮ್ಮ ಪಾಲನ್ನು ಸ್ವಇಚ್ಛೆಯಿಂದ ಬಿಡಬಹುದು, ಒಬ್ಬನು ಇನ್ನೊಬ್ಬರ ಪಾಲನ್ನು ಬಿಡುವಂತಿಲ್ಲ ಎಂದೆ. ಒಳಕೋಣೆಯಿಂದ ಉಮ್ಮ ಮತ್ತು ಹೆಣ್ಣುಮಕ್ಕಳು ತಮ್ಮ ಒಪ್ಪಿಗೆ ತಿಳಿಸಿದರು. ತೀರಿಸಲಾಗದ ಬಡವರ ಸಾಲವೆಲ್ಲ ಅಂದೇ ಮಾಫಿಯಾಯಿತು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟುಕೊಡುವುದು ಇನ್ನೂ ಉತ್ತಮವೆಂದು ಅಧ್ಯಾಯ ಅಲ್‌ಬಕರದ 280ನೆಯ ಸೂಕ್ತ ಬೋಧಿಸುತ್ತದೆ.

ಪುಸ್ತಕದ ಕೊನೆಯ ಪುಟದಲ್ಲಿ ಮಗನಿಗೊಂದು ಮಾತು ಬರೆದಿತ್ತು: ಉಮ್ಮನ ಎಂಟನೆಯ ಒಂದು ಪಾಲನ್ನೂ ತಂಗಿಯರ ಪಾಲನ್ನೂ ಕೇಳುವ ಮೊದಲೇ ಕೊಡು, ಅವರಿಂದ ಬಿಡುಗಡೆ ಪತ್ರಕ್ಕೆ ಸಹಿ ಕೇಳಬೇಡ. ಮಗ ಹಾಗೆಯೇ ಮಾಡಿದ. ನಮಾಝ್, ಉಪವಾಸಗಳಲ್ಲಿ ಮುಂದಿರುವ ಎಷ್ಟೋ ಮನೆಗಳಲ್ಲಿ ಸಹೋದರಿಯರ ಕಣ್ಣೀರು ಆಸ್ತಿಯ ಕಾಗದಗಳ ಮೇಲೆ ಬಿದ್ದಿದೆಯೆಂಬುದನ್ನು ಬಲ್ಲವರಿಗೆ ಈ ಒಂದು ಸಾಲಿನ ತೂಕ ಅರ್ಥವಾದೀತು.

ಮಯ್ಯತ್ ನಮಾಝ್‌ನ ದಿನ ಮಸೀದಿಯ ಹೊರಗೆ, ಮಳೆ ರಾತ್ರಿ ಕಾಕನನ್ನು ಬೈದಿದ್ದ ಆ ತೋಟದ ಯಜಮಾನರು ಕೊಡೆ ಹಿಡಿದು ನಿಂತಿದ್ದರು. ಕೆಲವೇ ವಾರಗಳಲ್ಲಿ ಅವರು ಮತ್ತೆ ಕಾಕನ ಅಂಗಡಿಗೇ ಬರತೊಡಗಿದ್ದರಂತೆ. “ತಪ್ಪಾದರೆ ಮನೆಗೆ ಬಂದು ಹೇಳುವವರು ಇವರೊಬ್ಬರೇ” ಎಂದರು ನನ್ನೊಡನೆ.

ಪ್ರಿಯ ಓದುಗರೇ, ನಮ್ಮಲ್ಲಿ ಒಬ್ಬೊಬ್ಬರಿಗೂ ಇಂಥದ್ದೊಂದು ಅಂಗಡಿಯಿದೆ. ಶಿಕ್ಷಕನಿಗೆ ತರಗತಿ, ಚಾಲಕನಿಗೆ ಬಸ್ಸು, ತಾಯಿಗೆ ಅಡುಗೆಮನೆ. ಅಲ್ಲಿ ನಮ್ಮನ್ನು ನಂಬಿದವರು ನಮ್ಮ ಲೆಕ್ಕವನ್ನು ಪರೀಕ್ಷಿಸಲಾರರು. ಇಂದು ರಾತ್ರಿ ಮಲಗುವ ಮುಂಚೆ ನಾವೂ ಒಮ್ಮೆ ಬಿಲ್ಲನ್ನೂ ಕಪಾಟನ್ನೂ ತಾಳೆ ನೋಡೋಣ. ಎಲ್ಲಾದರೂ ತಪ್ಪಿದ್ದರೆ ಬೆಳಗಾಗುವ ಮುಂಚೆ ಹೊರಡೋಣ.

ಅಲ್ಲಾಹನು ಮದ್ದಿನ ಕಾಕನ ಪಾಪಗಳನ್ನು ಕ್ಷಮಿಸಿ, ಅವರ ಕಬರನ್ನು ವಿಶಾಲಗೊಳಿಸಲಿ. ಸತ್ಯವಂತ ವ್ಯಾಪಾರಿಗಳ ಸಾಲಿನಲ್ಲಿ ಅವರನ್ನು ಎಬ್ಬಿಸಲಿ. ನಮಗೂ ಅಮಾನತ್ತನ್ನು ಕಾಪಾಡುವ ತೌಫೀಕ್ ನೀಡಲಿ. ಆಮೀನ್.