ಶಾಲೆ ಬಿಟ್ಟ ಮೇಲಿನ ಮೂರೂವರೆ ಗಂಟೆ: ನ್ಯಾಯವಾದ ದರ ಯಾವುದು?

ಬೆಂಗಳೂರಿನ ಬಹಳಷ್ಟು ಶಾಲೆಗಳು ಮಧ್ಯಾಹ್ನ ಮೂರರಿಂದ ಮೂರೂವರೆಯೊಳಗೆ ಬಿಡುತ್ತವೆ. ಆಫೀಸಿನಿಂದ ಹೊರಟ ಅಪ್ಪ ಅಮ್ಮ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಮನೆ ಸೇರುವಾಗ ಏಳು ಗಂಟೆ. ನಡುವಿನ ಹೊತ್ತಿಗೆಂದು ತಿಂಗಳು ತಿಂಗಳೂ ಡೇಕೇರ್ ಫೀಸು ಕಟ್ಟಿಕೊಂಡು ಬಂದವರಲ್ಲಿ ನಾನೂ ಒಬ್ಬಳು. ಈ ದರ ಜಾಸ್ತಿಯಾಯಿತೇ, ಸರಿಯಾಗಿದೆಯೇ ಎಂದು ಬೇರೆ ಪಾಲಕರ ಜೊತೆ ಮಾತಾಡಿದಾಗಲೆಲ್ಲ ಒಂದು ವಿಷಯ ನನಗೆ ಹೆಚ್ಚು ಹೆಚ್ಚು ಸ್ಪಷ್ಟವಾಗುತ್ತ ಹೋಯಿತು. ನ್ಯಾಯವಾದ ದರವನ್ನು ತೀರ್ಮಾನಿಸಲು ನಾವು ಹಿಡಿಯುವ ಅಳತೆಗಳೆಲ್ಲ ಬೇರೆ ಯಾವುದಕ್ಕೋ ಮಾಡಿದಂಥವು. ಮಗುವನ್ನು ನೋಡಿಕೊಳ್ಳುವವರ ಸಂಬಳದಿಂದ ಲೆಕ್ಕ ಶುರುವಾಗದಿದ್ದರೆ ಆ ದರ ಕಡಿಮೆಯಿರಬಹುದು, ನ್ಯಾಯವಾಗಿರುವುದಿಲ್ಲ. ಅಲ್ಲಿಂದ ಶುರುಮಾಡಿದರೆ ದರವನ್ನು ಎಲ್ಲಿ ಇಳಿಸಬಹುದು, ಎಲ್ಲಿ ಇಳಿಸಬಾರದು ಎಂಬುದೂ ತಾನಾಗಿ ಕಾಣುತ್ತದೆ.

ಬಳಕೆಯಲ್ಲಿರುವ ಅಳತೆಗಳಲ್ಲಿ ಮೊದಲನೆಯದು ಅಮ್ಮನ ಸಂಬಳ. ಅವಳಿಗೆ ಬರುವುದರಲ್ಲಿ ಡೇಕೇರಿಗೆ ಇಷ್ಟು, ವ್ಯಾನಿಗೆ ಇಷ್ಟು ಕೊಟ್ಟರೆ ಉಳಿಯುವುದೇನು, ಅಷ್ಟಕ್ಕೆ ಕೆಲಸಕ್ಕೆ ಯಾಕೆ ಹೋಗಬೇಕು ಎಂಬ ಕಳೆಯುವ ಲೆಕ್ಕ. ಇದೇ ಮೊತ್ತವನ್ನು ಅಪ್ಪನ ಸಂಬಳದಿಂದ ಕಳೆದು ನೋಡಿದ ಮನೆಯನ್ನು ನಾನಂತೂ ಕಂಡಿಲ್ಲ. ಮಗು ಇಬ್ಬರದು, ಡೇಕೇರ್ ಇರುವುದರಿಂದ ದುಡಿಯಲು ಆಗುತ್ತಿರುವುದೂ ಇಬ್ಬರಿಗೆ, ಖರ್ಚು ಮಾತ್ರ ಒಬ್ಬಳ ಲೆಕ್ಕಕ್ಕೆ. ಕೆಲಸ ಬಿಟ್ಟರೆ ಕೈತಪ್ಪುವ ಬಡ್ತಿ, ಪಿ.ಎಫ್., ಐದು ವರ್ಷದ ನಂತರ ಮತ್ತೆ ಕೆಲಸ ಹುಡುಕುವ ಕಷ್ಟ ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಎರಡನೆಯ ಅಳತೆ ಮನೆಗೆಲಸದವರಿಗೆ ಕೊಡುವ ದರ: ಪಾತ್ರೆ ತೊಳೆದು ಕಸ ಗುಡಿಸುವುದಕ್ಕೆ ಇಷ್ಟು, ಹಾಗಾದರೆ ಮಗುವನ್ನು ಸುಮ್ಮನೆ ಕೂರಿಸಿಕೊಳ್ಳುವುದಕ್ಕೆ ಅಷ್ಟೊಂದು ಯಾಕೆ? ಈ ‘ಸುಮ್ಮನೆ ಕೂರಿಸಿಕೊಳ್ಳುವುದು’ ಎಂಬ ಮಾತನ್ನು ಆಡುವವರು ಹತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಅರ್ಧ ಗಂಟೆ ಸಂಭಾಳಿಸಿ ನೋಡಬೇಕು. ಇನ್ನು ಟ್ಯೂಷನ್. ವಾರಕ್ಕೆ ಎರಡು ಗಂಟೆಯ ಅಬ್ಯಾಕಸ್ಸಿಗೆ ಚೌಕಾಸಿಯಿಲ್ಲದೆ ಹಣ ಕೊಡುವವರೇ ದಿನಕ್ಕೆ ಮೂರೂವರೆ ಗಂಟೆಯ ಪಾಲನೆಗೆ ಐನೂರು ಕಡಿಮೆ ಮಾಡಿ ಎನ್ನುತ್ತಾರೆ. ಮೊದಲನೆಯದಕ್ಕೆ ತೋರಿಸಲೊಂದು ಸರ್ಟಿಫಿಕೇಟ್ ಸಿಗುತ್ತದೆ. ಎರಡನೆಯದರಲ್ಲಿ ಮಗು ಬಿದ್ದು ಏಟು ಮಾಡಿಕೊಳ್ಳದೆ, ಹಸಿದುಕೊಳ್ಳದೆ, ಹೆದರದೆ ಸಂಜೆ ಕಳೆಯಿತು ಎಂಬುದಕ್ಕೆ ಪುರಾವೆಯೇ ಇರುವುದಿಲ್ಲ.

ಕೊನೆಯ ಅಳತೆ ಅಜ್ಜಿ. ಅವರು ನಮ್ಮನ್ನು ಬೆಳೆಸುವಾಗ ಯಾರಿಗೂ ಕಾಸು ಕೊಡಲಿಲ್ಲ ಎಂಬ ವಾದ ಕೇಳಲು ಹಿತವಾಗಿದೆ. ಆಗಲೂ ಆ ಕೆಲಸಕ್ಕೆ ಬೆಲೆಯಿತ್ತು, ಅದನ್ನು ತೆರುತ್ತಿದ್ದವರು ಮನೆಯ ಹೆಂಗಸರು. ಈಗಲೂ ಪರಿಸ್ಥಿತಿ ಬಹಳ ಬದಲಾಗಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ನೂರಕ್ಕೆ 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿರುತ್ತಾರೆ, ಗಂಡಸರಲ್ಲಿ ನೂರಕ್ಕೆ 21 ಮಂದಿ ಮಾತ್ರ. ಹಾಗೆ ತೊಡಗಿದವರಲ್ಲೂ ಮಹಿಳೆಯರು ದಿನಕ್ಕೆ ಸುಮಾರು 140 ನಿಮಿಷ, ಪುರುಷರು 74 ನಿಮಿಷ ಕೊಡುತ್ತಾರೆ. ಅಜ್ಜಿಯ ಜೊತೆ ಹೋಲಿಸಿ ಡೇಕೇರ್ ದುಬಾರಿ ಎನ್ನುವವರು ಅಜ್ಜಿಯ ಮಂಡಿನೋವನ್ನೂ ಊರಲ್ಲಿ ಬಿಟ್ಟುಬಂದ ಅವರ ಮನೆಯನ್ನೂ ಸೊನ್ನೆ ಎಂದು ಬರೆದುಕೊಂಡಿರುತ್ತಾರೆ.

ಹಾಗಾದರೆ ನಾವು ಕೊಳ್ಳುತ್ತಿರುವುದು ಎಷ್ಟು ಹೊತ್ತನ್ನು? 2009ರ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು ಎನ್ನುತ್ತದೆ. ಧಾರಾಳವಾಗಿ 220 ಎಂದೇ ಹಿಡಿಯೋಣ. ವಾರಕ್ಕೆ ಐದು ದಿನದ ಆಫೀಸು, ಹಬ್ಬದ ರಜೆ, ನಮ್ಮ ಸ್ವಂತ ರಜೆ ಎಲ್ಲ ಕಳೆದರೂ ಸುಮಾರು 240 ದಿನ ನಡೆಯುತ್ತದೆ. ಅಂದರೆ ಶಾಲೆಯಿರುವ ದಿನಗಳಲ್ಲಿ ಮೂರೂವರೆ ಗಂಟೆಯಂತೆ 770 ಗಂಟೆ, ದಸರೆ ಬೇಸಿಗೆ ರಜೆಗಳಲ್ಲಿ ಬರುವ ಇಪ್ಪತ್ತು ಪೂರ್ತಿ ದಿನಗಳಿಗೆ ಹತ್ತು ಗಂಟೆಯಂತೆ 200, ಒಟ್ಟು 970. ತಿಂಗಳಿಗೆ ಆರು ಸಾವಿರ ಕಟ್ಟುವವರಿಗೆ ಇದು ಗಂಟೆಗೆ 74 ರೂಪಾಯಿ ಬೀಳುತ್ತದೆ. ಅದರಲ್ಲೇ ಸಂಜೆಯ ತಿಂಡಿಯೂ ಬಂತು.

ಈಗ ಅದೇ ಹಣವನ್ನು ಇನ್ನೊಂದು ಕಡೆಯಿಂದ ನೋಡಬೇಕು. ಇಪ್ಪತ್ತು ಮಕ್ಕಳ ಒಂದು ಸಾಧಾರಣ ಡೇಕೇರನ್ನು ಕಾಗದದ ಮೇಲೆ ಕಟ್ಟಿ ನೋಡಿದರೆ ಬಹಳ ಜಗಳಗಳು ಅಲ್ಲೇ ಮುಗಿಯುತ್ತವೆ. ಬಡಾವಣೆಯ ಒಂದು ಮನೆಗೆ ಬಾಡಿಗೆ 40,000, ಇಬ್ಬರು ಆಯಾಗಳಿಗೆ ತಲಾ 16,000, ಮೇಲ್ವಿಚಾರಕಿಗೆ 25,000 ಎಂದಿಟ್ಟುಕೊಳ್ಳಿ. ಮಗುವಿಗೆ ದಿನಕ್ಕೆ 30 ರೂಪಾಯಿಯ ತಿಂಡಿ ಹಾಲು ಎಂದರೆ 22 ದಿನಕ್ಕೆ 13,200. ಕರೆಂಟು, ನೀರು, ಕ್ಲೀನಿಂಗ್ 6,000, ಆಟದ ಸಾಮಾನು, ಕ್ಯಾಮೆರಾ, ರಿಪೇರಿಗೆ 5,000. ಒಟ್ಟು 1,21,200, ಮಗುವೊಂದಕ್ಕೆ 6,060. ಇದರಲ್ಲಿ ನಡೆಸುವವರ ಲಾಭ ಒಂದು ರೂಪಾಯಿಯೂ ಇಲ್ಲ, ಬಾಡಿಗೆಗೆ ಕೊಟ್ಟ ಅಡ್ವಾನ್ಸಿನ ಬಡ್ಡಿಯೂ ಇಲ್ಲ. ಐದು ಮಕ್ಕಳು ಬಿಟ್ಟುಹೋದರೆ ಉಳಿದ ಹದಿನೈದು ಮಂದಿಯ ಮೇಲೆ ಬೀಳುವುದು ತಲಾ 7,860. ನನ್ನ ಅಂಕಿಗಳನ್ನು ನಿಮ್ಮ ಬಡಾವಣೆಗೆ ತಕ್ಕಂತೆ ಬದಲಾಯಿಸಿಕೊಳ್ಳಿ, ಅನುಪಾತ ಹೆಚ್ಚು ಬದಲಾಗದು. ಪಾಲಕರು ಫೀಸು ಇಳಿಸಿ ಎಂದು ಪಟ್ಟು ಹಿಡಿದಾಗ ನಡೆಸುವವರು ಮುಟ್ಟಬಹುದಾದ ಬಾಬು ಯಾವುದು? ಮನೆ ಮಾಲೀಕ ಬಾಡಿಗೆ ಇಳಿಸುವುದಿಲ್ಲ, ಬೆಸ್ಕಾಂ ಬಿಲ್ಲು ಇಳಿಸುವುದಿಲ್ಲ. ಹಾಗಾಗಿ ಇಬ್ಬರು ಆಯಾಗಳ ಜಾಗದಲ್ಲಿ ಒಬ್ಬರಾಗುತ್ತಾರೆ, ಇಲ್ಲವೇ ಹದಿನಾರು ಸಾವಿರ ಹನ್ನೆರಡಾಗುತ್ತದೆ. ಆರು ತಿಂಗಳಿಗೊಮ್ಮೆ ಆಯಾ ಬದಲಾಗುತ್ತಾರೆ, ಮಗು ಹೊಂದಿಕೊಳ್ಳುತ್ತಿಲ್ಲ ಎಂದು ನಾವೇ ಆಮೇಲೆ ಗೊಣಗುತ್ತೇವೆ.

ಇದೇ ಕಾಗದದಲ್ಲಿ ಇನ್ನೊಂದು ಲೆಕ್ಕವೂ ಅಡಗಿದೆ. ಇಬ್ಬರೂ ಆಯಾಗಳ ಸಂಬಳವನ್ನು 22,000ಕ್ಕೆ ಏರಿಸಿದರೆ ಪ್ರತಿ ಮಗುವಿಗೆ ಹೆಚ್ಚಾಗುವುದು 600 ರೂಪಾಯಿ. ಬಾಡಿಗೆಯೊಂದು ಇಲ್ಲವಾದರೆ ಕಡಿಮೆಯಾಗುವುದು 2,000 ರೂಪಾಯಿ. ಎರಡನ್ನೂ ಒಟ್ಟಿಗೆ ಮಾಡಿದರೆ ಆಯಾಗಳಿಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂಬಳ ಏರಿಸಿಯೂ ಫೀಸು 4,660ಕ್ಕೆ ಇಳಿಯುತ್ತದೆ. ಬಾಡಿಗೆಯಿಲ್ಲದ ಕಟ್ಟಡ ಎಲ್ಲಿದೆ ಎಂದು ಹುಡುಕಬೇಕಾಗಿಯೂ ಇಲ್ಲ. ಮೂರೂವರೆಗೆ ಖಾಲಿಯಾಗುವ ಶಾಲೆ, ಅದರ ಕೊಠಡಿ, ಮೈದಾನ, ಶೌಚಾಲಯ, ಕುಡಿಯುವ ನೀರು ಎಲ್ಲವೂ ಅಲ್ಲೇ ಇವೆ. ಆದರೆ ಮಕ್ಕಳು ಅಲ್ಲಿಂದ ವ್ಯಾನಿನಲ್ಲಿ ತುಂಬಿಕೊಂಡು ಇನ್ನೊಂದು ಬಾಡಿಗೆ ಮನೆಗೆ ಹೋಗುತ್ತಾರೆ. ಸ್ವೀಡನ್ನಿನಲ್ಲಿ ಶಾಲೆ ಬಿಟ್ಟ ಮೇಲಿನ ಪಾಲನಾ ಕೇಂದ್ರಗಳು ಬಹುಪಾಲು ಶಾಲೆಯ ಆವರಣದಲ್ಲೇ ನಡೆಯುತ್ತವೆ. ಮಗುವಿಗೆ ಹದಿಮೂರು ತುಂಬುವ ವರ್ಷದವರೆಗೂ ಅದರ ಹಕ್ಕಿದೆ. 2002ರಲ್ಲಿ ಅಲ್ಲಿ ಜಾರಿಗೆ ಬಂದ ಗರಿಷ್ಠ ದರದ ವ್ಯವಸ್ಥೆಯಲ್ಲಿ ಈ ಸೇವೆಗೆ ಮೊದಲ ಮಗುವಿಗೆ ಮನೆಯ ಆದಾಯದ ಶೇ 2, ಎರಡನೆಯ ಮತ್ತು ಮೂರನೆಯ ಮಗುವಿಗೆ ತಲಾ ಶೇ 1ಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಉಳಿದದ್ದು ತೆರಿಗೆಯ ಹಣ. ಅಷ್ಟು ತೆರಿಗೆ ಕಟ್ಟುವ ದೇಶ ನಮ್ಮದಲ್ಲ ಎಂಬ ಆಕ್ಷೇಪ ಸರಿಯೇ. ಕಟ್ಟಡದ ಪಾಠ ಕಲಿಯುವುದಕ್ಕೆ ಮಾತ್ರ ಹೆಚ್ಚು ತೆರಿಗೆ ಬೇಕಿಲ್ಲ. ಶಾಲೆಯ ಆಡಳಿತ ಮಂಡಳಿ ಸವಕಳಿ, ಕಾವಲಿಗೆಂದು ತಿಂಗಳಿಗೆ ಹತ್ತು ಸಾವಿರ ತೆಗೆದುಕೊಂಡರೂ ನನ್ನ ಲೆಕ್ಕದ ಫೀಸು 5,160 ದಾಟುವುದಿಲ್ಲ.

ಮುಂದಿನ ಆಕ್ಷೇಪ ತೀರಾ ಮಾಮೂಲಿನದು. ದಸರಾ ರಜೆಯಲ್ಲಿ ಊರಿಗೆ ಹೋಗುತ್ತೇವೆ, ಮಗು ಹದಿನೈದು ದಿನ ಬರುವುದೇ ಇಲ್ಲ, ಪೂರ್ತಿ ಫೀಸು ಯಾಕೆ? ಮಗು ಬರದ ದಿನ ಉಳಿಯುವುದು ತಿಂಡಿಯ 30 ರೂಪಾಯಿ ಮಾತ್ರ. ಆಯಾ ಅಂದೂ ಬಂದಿರುತ್ತಾರೆ, ನಿಮ್ಮ ಮಗುವಿನ ಜಾಗವೂ ಹಾಗೇ ಇರುತ್ತದೆ. ದಿನಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ತಿಂಗಳ ಸಂಬಳವೇ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಮಧ್ಯಾಹ್ನ ಎರಡರಿಂದ ಏಳೂವರೆಯವರೆಗೆ ಒಂದು ಕಡೆ ಕಟ್ಟಿಹಾಕಿಕೊಂಡವರು ಸಂಜೆಯ ಅಡುಗೆ ಕೆಲಸಗಳನ್ನೆಲ್ಲ ಬಿಟ್ಟಿರುತ್ತಾರೆ, ಆಚೀಚೆ ಉಳಿದ ಹೊತ್ತಿನಲ್ಲಿ ಅವರು ದುಡಿಯುವುದು ಅಲ್ಪ. ಇನ್ನು ತಡವಾಗಿ ಬಂದವರಿಗೆ ದಂಡ ಹಾಕಿದರೆ ಲೆಕ್ಕ ಸರಿಯಾಯಿತಲ್ಲ ಎನ್ನುವವರಿದ್ದಾರೆ. ಇಸ್ರೇಲಿನ ಹೈಫಾ ನಗರದ ಹತ್ತು ಡೇಕೇರುಗಳಲ್ಲಿ ಉರಿ ನೀಜಿ ಮತ್ತು ಆಲ್ಡೋ ರುಸ್ತಿಕೀನಿ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ಹತ್ತು ನಿಮಿಷಕ್ಕಿಂತ ತಡವಾದರೆ ಹತ್ತು ಶೆಕೆಲ್ ದಂಡ ಎಂದು ಆರು ಕೇಂದ್ರಗಳಲ್ಲಿ ಜಾರಿ ಮಾಡಿದಾಗ ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಸುಮಾರು ಎರಡರಷ್ಟಾಯಿತು. ದಂಡ ತೆಗೆದ ಮೇಲೂ ಇಳಿಯಲಿಲ್ಲ. ಅಲ್ಲಿಯವರೆಗೆ ಸಂಕೋಚದಿಂದ ಓಡಿ ಬರುತ್ತಿದ್ದವರು ಹತ್ತು ಶೆಕೆಲ್ ಕೊಟ್ಟು ಆ ಸಂಕೋಚದಿಂದ ಬಿಡುಗಡೆ ಪಡೆದರು. ನಮ್ಮಲ್ಲಿ ತಡದ ನೂರು ರೂಪಾಯಿ ಯಾರ ಕೈ ಸೇರುತ್ತದೆ ಎಂಬುದನ್ನೂ ಕೇಳಬೇಕು. ಬಸ್ಸು ತಪ್ಪಿಸಿಕೊಂಡು ಕಾದು ಕೂರುವವರು ಆಯಾ, ಹಣ ಹೋಗುವುದು ಆಫೀಸಿನ ಡ್ರಾಯರಿಗೆ. ಅದು ನೇರ ಅವರಿಗೇ ಸಲ್ಲಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ, ಅದನ್ನು ನಾನು ತಳ್ಳಿಹಾಕಲಾರೆ. ಐದು ಸಾವಿರವೋ ಆರು ಸಾವಿರವೋ ಟೆಕ್ ಪಾರ್ಕಿನವರಿಗೆ ಸರಿ, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುವವಳಿಗೆ? ಹೋಗಲಿ, ಡೇಕೇರಿನ ಆಯಾಗೆ ತನ್ನದೇ ಮಗುವನ್ನು ಅದೇ ಡೇಕೇರಿನಲ್ಲಿ ಬಿಡಲಾಗುತ್ತದೆಯೇ? ಆಗುವುದಿಲ್ಲ. ಆಯಾ ಸಂಬಳ ಇಳಿಸಿ ಗಾರ್ಮೆಂಟ್ಸಿನವಳಿಗೆ ಅನುಕೂಲ ಮಾಡಿಕೊಡುವುದು ಒಬ್ಬ ಬಡವಳ ಕೈಯಿಂದ ಕಿತ್ತು ಇನ್ನೊಬ್ಬ ಬಡವಳಿಗೆ ಕೊಟ್ಟಂತೆ. ಹಾಗಾಗಿ ನ್ಯಾಯವಾದ ದರಕ್ಕೂ ಅವಳು ಕೊಡಬಲ್ಲ ಹಣಕ್ಕೂ ನಡುವಿನ ಅಂತರವನ್ನು ಮಾಲೀಕರು ಮತ್ತು ಸರ್ಕಾರ ತುಂಬಬೇಕು. ಈ ತತ್ವ ನಮ್ಮ ಕಾನೂನಿಗೆ ಹೊಸದಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆ 1976ರ ತಿದ್ದುಪಡಿಯ ನಂತರ ಹೇಳುತ್ತಿತ್ತು. 2017ರಲ್ಲಿ ತಿದ್ದುಪಡಿಯಾದ ಹೆರಿಗೆ ಸೌಲಭ್ಯ ಕಾಯ್ದೆ ಐವತ್ತು ಮತ್ತು ಹೆಚ್ಚು ನೌಕರರಿರುವ ಎಲ್ಲ ಸಂಸ್ಥೆಗಳಿಗೂ ಅದನ್ನು ವಿಸ್ತರಿಸಿತು. ಕೇಂದ್ರದ ಶಿಶುಪಾಲನಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ತಿಂಗಳಿಗೆ 20 ರೂಪಾಯಿ, ಆದಾಯ 12,000ದವರೆಗೆ ಇರುವವರಿಗೆ 100, ಅದಕ್ಕೂ ಮೇಲಿನವರಿಗೆ 200 ಎಂದು ಆದಾಯಕ್ಕೆ ತಕ್ಕ ದರವನ್ನೂ ಗೊತ್ತುಮಾಡಿದ್ದರು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ‘ಕೂಸಿನ ಮನೆ’ಗಳು ಬಂದವು. ಇವೆಲ್ಲವೂ ನೋಡುವುದು ಆರು ವರ್ಷದೊಳಗಿನ ಮಗುವನ್ನು. ಆರು ತುಂಬಿದ ಮಗು ಶಾಲೆಗೆ ಸೇರಿತು, ಇನ್ನು ಅದರ ಚಿಂತೆ ಶಾಲೆಯದು ಎಂದು ಕಾನೂನು ಕೈತೊಳೆದುಕೊಳ್ಳುತ್ತದೆ. ಶಾಲೆ ಮೂರೂವರೆಗೆ ಗೇಟು ಹಾಕುತ್ತದೆ. ಏಳು ವರ್ಷದ ಮಗು ಕುತ್ತಿಗೆಗೆ ಬೀಗದ ಕೈ ಕಟ್ಟಿಕೊಂಡು ಒಂಟಿಯಾಗಿ ಮನೆಗೆ ಹೋಗುವುದು, ಹತ್ತು ವರ್ಷದ ಅಕ್ಕ ತಮ್ಮನನ್ನು ನೋಡಿಕೊಳ್ಳುವುದು ಈ ಖಾಲಿ ಜಾಗದಲ್ಲಿ.

ಕೊನೆಯದಾಗಿ, ನಾವು ಹೆಚ್ಚು ಕೊಟ್ಟರೆ ಅದು ಆಯಾಗೆ ತಲುಪುತ್ತದೆಂಬ ಖಾತ್ರಿ ಏನು, ನಡೆಸುವವರ ಜೇಬು ಸೇರುವುದಿಲ್ಲವೇ? ಸೇರಬಹುದು. ಸಣ್ಣ ಡೇಕೇರುಗಳಲ್ಲಿ ಮೂರೋ ನಾಲ್ಕೋ ಮಂದಿ ಕೆಲಸಕ್ಕಿರುತ್ತಾರೆ. ಹತ್ತು ಮಂದಿಯಿಲ್ಲದ ಕಡೆ ಇ.ಎಸ್.ಐ., ಇಪ್ಪತ್ತು ಮಂದಿಯಿಲ್ಲದ ಕಡೆ ಪಿ.ಎಫ್. ಕಡ್ಡಾಯವಲ್ಲ. ಕಾನೂನಿನ ಕಣ್ಣು ತಲುಪದ ಅಂಥ ಕಡೆ ಕೇಳಬಲ್ಲವರು ಪಾಲಕರು ಮಾತ್ರ. ಸೇರಿಸುವ ಮೊದಲು ನಾವು ಕ್ಯಾಮೆರಾ ಇದೆಯೇ, ತಿಂಡಿ ಏನು, ಹೋಂವರ್ಕ್ ಮಾಡಿಸುತ್ತೀರಾ ಎಂದೆಲ್ಲ ವಿಚಾರಿಸುತ್ತೇವೆ. ಆ ಪಟ್ಟಿಗೆ ಇನ್ನು ಮೂರು ಪ್ರಶ್ನೆ ಸೇರಿಸಿಕೊಳ್ಳಿ: ಮಕ್ಕಳನ್ನು ನೋಡಿಕೊಳ್ಳುವವರಿಗೆ ಸಂಬಳ ಎಷ್ಟು, ವಾರದ ರಜೆ ಇದೆಯೇ, ಈಗಿರುವವರು ಎಷ್ಟು ದಿನದಿಂದ ಇದ್ದಾರೆ? ಉತ್ತರ ಕೊಡಲು ಹಿಂಜರಿಯುವ ಕಡೆ ಫೀಸು ಎಷ್ಟೇ ಕಡಿಮೆಯಿದ್ದರೂ ಮಗುವನ್ನು ಬಿಡಬೇಡಿ. ಸರಿಯಾದ ಉತ್ತರ ಸಿಕ್ಕ ಕಡೆ ಚೌಕಾಸಿ ಮಾಡಬೇಡಿ. ಮಾಡಲೇಬೇಕೆನಿಸಿದರೆ ನಾಲ್ಕೈದು ಪಾಲಕರು ಸೇರಿ ನಿಮ್ಮ ಮಕ್ಕಳ ಶಾಲೆಯ ಆಡಳಿತ ಮಂಡಳಿಯ ಬಳಿ ಹೋಗಿ, ಮೂರೂವರೆಯ ನಂತರ ಎರಡು ಕೊಠಡಿಗಳನ್ನು ಬಿಟ್ಟುಕೊಡಿ ಎಂದು ಅರ್ಜಿ ಕೊಡಿ.