ಕೋಳಿ ಆಹಾರದ ಗುಳಿಗೆ ತಯಾರಿಕೆಯಲ್ಲಿ ಫೈಟೇಸ್ ಕಿಣ್ವದ ರಕ್ಷಣೆ

ಮೆಕ್ಕೆಜೋಳ, ಸೋಯಾ ಹಿಂಡಿ, ಅಕ್ಕಿ ತೌಡು ಇವುಗಳಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಬಂಧಿತವಾಗಿರುತ್ತದೆ. ದನ ಎಮ್ಮೆಗಳ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಇದನ್ನು ಬಿಡಿಸಬಲ್ಲವು. ಕೋಳಿಗೆ ಈ ಅನುಕೂಲ ಬಹಳ ಕಡಿಮೆ. ಆದುದರಿಂದ ಅದರ ಆಹಾರಕ್ಕೆ ಫೈಟೇಸ್ ಎಂಬ ಕಿಣ್ವವನ್ನು ಸೇರಿಸುವ ಪದ್ಧತಿ ಬಂದಿದೆ. ಈ ಕಿಣ್ವ 1991ರಲ್ಲಿ ಮೊದಲಿಗೆ ಮಾರುಕಟ್ಟೆಗೆ ಬಂದಿತು.

ಕಿಣ್ವ ಬಳಸುವವರು ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಕಡಿಮೆ ಮಾಡಿ ಖರ್ಚು ಉಳಿಸುತ್ತಾರೆ. ಆದರೆ ತಯಾರಿಕೆಯಲ್ಲಿಯೇ ಕಿಣ್ವ ಕೆಟ್ಟುಹೋದರೆ ನಷ್ಟ ಎರಡು ಬಗೆ. ಕಿಣ್ವದ ಹಣ ವ್ಯರ್ಥ. ರಂಜಕವೂ ಸಾಲದೆ ಮರಿಗಳ ಬೆಳವಣಿಗೆ ಕುಂಠಿತವಾಗಿ ಕಾಲುಗಳು ಸೋಲುತ್ತವೆ.

ಕಿಣ್ವ ಒಂದು ಸಸಾರಜನಕ ವಸ್ತು. ಬೆಂದ ಮೊಟ್ಟೆಯ ಬಿಳಿ ಮತ್ತೆ ತಿಳಿಯಾಗದಂತೆ, ಕಾವಿನಿಂದ ಕೆಟ್ಟ ಕಿಣ್ವ ಸಾಮಾನ್ಯವಾಗಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಗುಳಿಗೆ ಮಾಡುವ ಮುನ್ನ ಆಹಾರಕ್ಕೆ ಹಬೆ ಕೊಟ್ಟು ಸಾಮಾನ್ಯವಾಗಿ 70ರಿಂದ 90 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತಾರೆ. ಒಣ ಕಾವಿಗಿಂತ ಈ ತೇವದ ಕಾವು ಹೆಚ್ಚು ಹಾನಿಕರ. ಆದುದರಿಂದ ಈ ಕ್ರಮಗಳನ್ನು ಅನುಸರಿಸಬೇಕು:

1. ಎಷ್ಟು ಡಿಗ್ರಿ ಕಾವನ್ನು ಎಷ್ಟು ಹೊತ್ತು ತಡೆಯುತ್ತದೆಂದು ಕೇಳಿ ತಿಳಿದೇ ಕಿಣ್ವವನ್ನು ಕೊಳ್ಳಿರಿ. ಗುಳಿಗೆಗೆ ಲೇಪನವಿರುವ ಹರಳು ರೂಪದ್ದು ಅಥವಾ ಕಾವು ತಡೆಯುವ ಜಾತಿಯದು ಉತ್ತಮ.

2. ಹಬೆ ಕೊಟ್ಟ ಆಹಾರದ ಉಷ್ಣತೆಯನ್ನು ಪ್ರತಿ ಸಲವೂ ಅಳೆಯಿರಿ. ಆದರೆ ಕಾವನ್ನು ತೀರಾ ಇಳಿಸಬಾರದು. ಸಾಲ್ಮೊನೆಲ್ಲಾದಂತಹ ರೋಗಾಣುಗಳು ಉಳಿದುಬಿಡುತ್ತವೆ.

3. ಹೆಚ್ಚು ಕಾವು ಅನಿವಾರ್ಯವಾದರೆ, ದ್ರವರೂಪದ ಕಿಣ್ವವನ್ನು ತಯಾರಾದ ಗುಳಿಗೆಯ ಮೇಲೆ ಸಮನಾಗಿ ಸಿಂಪಡಿಸಬೇಕು.

4. ಪುಡಿ ಆಹಾರಕ್ಕೆ ಹಬೆಯ ಭಯವಿಲ್ಲ, ಬೆರೆಸುವುದರಲ್ಲಿ ಎಚ್ಚರ ಬೇಕು. ಕಿಲೋಗೆ 500 ಯೂನಿಟ್‌ನಂತೆ ಕ್ವಿಂಟಾಲಿಗೆ 50,000 ಯೂನಿಟ್ ಆಯಿತು. ಗ್ರಾಮಿಗೆ 5,000 ಯೂನಿಟ್ ಇರುವ ಪುಡಿಯಾದರೆ 10 ಗ್ರಾಂ ಸಾಕು. ಇದನ್ನು ಮೊದಲು 1 ಕಿಲೋ ಜೋಳದ ನುಚ್ಚಿನಲ್ಲಿ, ಅನಂತರ 10 ಕಿಲೋದಲ್ಲಿ ಬೆರೆಸಿ, ಕೊನೆಗೆ ಉಳಿದುದಕ್ಕೆ ಸೇರಿಸಿರಿ.

5. ಕಿಣ್ವದ ಪೊಟ್ಟಣವನ್ನು ತಂಪಾದ, ಒಣ ಜಾಗದಲ್ಲಿ ಬಾಯಿ ಕಟ್ಟಿ ಇಡಿರಿ. ಖನಿಜ ಮಿಶ್ರಣದೊಡನೆ ಬೆರೆಸಿ ಬಹುದಿನ ಇಡಬಾರದು.

ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಕಡಿಮೆ ಮಾಡುವ ಮುನ್ನ, ತಯಾರಾದ ಗುಳಿಗೆಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸಿ ಅದರಲ್ಲಿ ಉಳಿದಿರುವ ಕಿಣ್ವದ ಪ್ರಮಾಣವನ್ನು ತಿಳಿದುಕೊಳ್ಳುವುದು ಅವಶ್ಯಕ.