*ಇಂದಿನ ಧಮ್ಮ ಚಿಂತನೆ: ಬೇರಿಂಗ್ ಬದಲಿಸಿದರೂ ನಿಲ್ಲದ ನಡುಕ*



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಬಳಗದಲ್ಲಿ ಗ್ಯಾರೇಜು, ಲೇತ್ ಕೆಲಸ ಮಾಡುವ ತಮ್ಮಂದಿರಿದ್ದಾರೆ. ಇಂದಿನ ಪಾಠ ಅವರ ಕೆಲಸದಿಂದಲೇ. ಉಳಿದವರಿಗೂ ಕಷ್ಟವಾಗಲಾರದು.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, 1973ರಿಂದ ಯೆಜ್ಡಿ ಬೈಕುಗಳನ್ನು ತಯಾರಿಸಿ 1996ರಲ್ಲಿ ಮುಚ್ಚಿತು. ಆ ಹಳೆಯ ಗಾಡಿಗಳನ್ನು ಹುಡುಕಿ ತಂದು ಸರಿಮಾಡಿ ಓಡಿಸುವವರು ಈಗಲೂ ಇದ್ದಾರೆ. ಅದರ 250 ಸಿಸಿ ಎಂಜಿನ್ನಿನ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ದಪ್ಪ ಫ್ಲೈವೀಲ್‌ಗಳ ನಡುವೆ ಒಂದು ಪಿನ್ ಇಟ್ಟು, ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿರುತ್ತಾರೆ. ಎರಡೂ ಬದಿಗೆ ಒಂದೊಂದು ಶಾಫ್ಟ್. ಈ ಎರಡು ಶಾಫ್ಟ್ ಒಂದೇ ಗೆರೆಯಲ್ಲಿರಬೇಕು. ಎಂಜಿನ್ ಬಿಚ್ಚುವಾಗ ಪುಲ್ಲರ್ ಹಾಕುವ ಬದಲು ಸುತ್ತಿಗೆಯಿಂದ ಬಡಿದರೆ ಗೆರೆ ತಪ್ಪುತ್ತದೆ. ಕಣ್ಣಿಗೆ ಕಾಣುವುದಿಲ್ಲ.

ಆಮೇಲೆ ಹ್ಯಾಂಡಲ್ ನಡುಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ, ಆಯಿಲ್ ಸೀಲ್ ಹೋಗಿ ಗಾಳಿ ಒಳಗೆ ಸೇರುತ್ತದೆ. ಡೈನಮೋ ಶಾಫ್ಟಿನ ತುದಿಯಲ್ಲೇ ಇರುವುದರಿಂದ ಪಾಯಿಂಟ್ ಗ್ಯಾಪ್ ಕೂಡ ನಿಲ್ಲುವುದಿಲ್ಲ. ಗಾಡಿಯ ಯಜಮಾನ ಬೇರಿಂಗ್ ಬದಲಿಸುತ್ತಾನೆ. ನಾಲ್ಕು ತಿಂಗಳು ಬಿಟ್ಟು ಮತ್ತೆ ಬದಲಿಸುತ್ತಾನೆ. ಕೊನೆಗೆ, ಈ ಗಾಡಿಯ ಹಣೆಬರಹವೇ ಇಷ್ಟು ಎನ್ನುತ್ತಾನೆ. ನಮ್ಮ ಹಿರಿಯರಿಗೂ ಊರು ಹೇಳುತ್ತಿದ್ದದ್ದು ಇದೇ ಮಾತು ಅಲ್ಲವೇ?

ತಿಳಿದ ಮೇಸ್ತ್ರಿ ಹಣೆಬರಹ ಓದುವುದಿಲ್ಲ, ಅಳತೆ ನೋಡುತ್ತಾನೆ. ಕ್ರ್ಯಾಂಕನ್ನು ವಿ ಬ್ಲಾಕ್ ಮೇಲಿಟ್ಟು, ಶಾಫ್ಟಿಗೆ ಡಯಲ್ ಗೇಜ್ ತಾಗಿಸಿ, ಕೈಯಲ್ಲೇ ನಿಧಾನ ತಿರುಗಿಸುತ್ತಾನೆ. ಮುಳ್ಳು ಹೆಚ್ಚು ಏರಿದಲ್ಲಿ ಚಾಕ್ ಗುರುತು ಹಾಕುತ್ತಾನೆ. ಗುರುತು ಪಿನ್ನಿನ ನೇರಕ್ಕೆ ಬಂದರೆ ಫ್ಲೈವೀಲ್‌ಗಳು ಒಂದು ಕಡೆ ಬಾಯಿ ಬಿಟ್ಟಿವೆ ಅಥವಾ ಒತ್ತಿಕೊಂಡಿವೆ ಎಂದರ್ಥ. ಪಿನ್ನಿಗೆ ಅಡ್ಡವಾಗಿ ಬಂದರೆ ತಿರುಚಿಕೊಂಡಿವೆ. ಮೊದಲನೆಯದಕ್ಕೆ ಬೆಣೆ ಅಥವಾ ವೈಸ್ ಬೇಕು, ಎರಡನೆಯದಕ್ಕೆ ತಾಮ್ರದ ಸುತ್ತಿಗೆಯ ಒಂದು ಏಟು. ಮತ್ತೆ ಅಳತೆ, ಮತ್ತೆ ಏಟು. ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲಿನೊಳಗೆ ಬರುವ ತನಕ ಅವನು ಏಳುವುದಿಲ್ಲ. ಕೆಡಿಸಿದ್ದೂ ಸುತ್ತಿಗೆಯೇ, ಸರಿಮಾಡುವುದೂ ಸುತ್ತಿಗೆಯೇ.

ಒಂದು ವಿಷಯ ಗಮನಿಸಿ. ಬಿಡಿಯಾಗಿ ನೋಡಿದರೆ ಎರಡು ಫ್ಲೈವೀಲೂ ಸರಿಯಾಗಿಯೇ ಇವೆ. ತಪ್ಪಿರುವುದು ಅವೆರಡರ ಸಂಬಂಧ.

ಪಾಲಿಯ ‘ಸಮ್ಮಾ’, ಸಂಸ್ಕೃತದ ‘ಸಮ್ಯಕ್’ ಪದವನ್ನು ನಾವು ‘ಸರಿಯಾದ’ ಎಂದು ಓದಿ ಮುಂದೆ ಹೋಗುತ್ತೇವೆ. ಪದದ ಮೂಲದಲ್ಲಿ ‘ಕೂಡಿಕೊಂಡು ಒಂದೇ ದಿಕ್ಕಿಗೆ ಸಾಗುವುದು’ ಎಂಬ ಅರ್ಥವಿದೆ. ಒಂಟಿಯಾಗಿ ಸಮ್ಯಕ್ ಆಗಲು ಬರುವುದಿಲ್ಲ.

ಅಂಗುತ್ತರ ನಿಕಾಯದ ‘ರಥಕಾರ ಸುತ್ತ’ದಲ್ಲಿ ಭಗವಾನರು ಒಂದು ಕಥೆ ಹೇಳುತ್ತಾರೆ. ಪಚೇತನನೆಂಬ ರಾಜ ಆರು ತಿಂಗಳಲ್ಲಿ ಯುದ್ಧವಿದೆ ಎಂದು ಬಡಗಿಗೆ ಒಂದು ಜೊತೆ ಚಕ್ರ ಮಾಡಲು ಹೇಳಿದ. ಆರು ದಿನ ಉಳಿದಾಗ ಒಂದೇ ಚಕ್ರ ಮುಗಿದಿತ್ತು. ಇನ್ನೊಂದನ್ನು ಬಡಗಿ ಆರೇ ದಿನದಲ್ಲಿ ಮುಗಿಸಿದ. ರಾಜನ ಕಣ್ಣಿಗೆ ಎರಡೂ ಒಂದೇ. ಉರುಳಿಸಿ ನೋಡಿದರೆ, ಆರು ದಿನದ ಚಕ್ರ ತಳ್ಳಿದ ಬಲ ಇರುವಷ್ಟು ಓಡಿ, ಸುತ್ತಿ ಬಿತ್ತು. ಮತ್ತೊಂದು ಅಚ್ಚಿನಲ್ಲಿ ಕೂರಿಸಿದಂತೆ ನಿಂತಿತು. ಬಿದ್ದ ಚಕ್ರದ ನೇಮಿ, ಅರ, ನಾಭಿ ಮೂರರಲ್ಲೂ ‘ವಂಕ’ ಇತ್ತು, ಅಂದರೆ ಡೊಂಕು. ಕಾಯ, ಮಾತು, ಮನಸ್ಸಿನ ಡೊಂಕನ್ನು ಭಗವಾನರು ಇದಕ್ಕೆ ಹೋಲಿಸುತ್ತಾರೆ. (ಕಥೆಯ ಕೊನೆಗೆ ಹಿಂದಿನ ಜನ್ಮದ ಮಾತೊಂದು ಬರುತ್ತದೆ. ಬಾಬಾಸಾಹೇಬರ ದಾರಿಯಲ್ಲಿ ಓದುವ ನಮಗೆ ಅದು ಬೇಕಾಗಿಲ್ಲ.)

1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಇದನ್ನು ಇನ್ನೂ ಮುಂದೆ ಒಯ್ಯುತ್ತಾರೆ. ಒಬ್ಬನೇ ಇರುವವನಿಗೆ ಧಮ್ಮ ಬೇಕಾಗಿಲ್ಲ, ಇಬ್ಬರು ಸೇರಿದಲ್ಲಿ ಬೇಕು, ಮನುಷ್ಯ ಮನುಷ್ಯರ ನಡುವಿನ ಸರಿಯಾದ ಸಂಬಂಧವೇ ಧಮ್ಮ ಎಂಬುದು ಅವರ ವಿವರಣೆ. ಚಕ್ರದ ಡೊಂಕು ತೆಗೆದರೆ ಅರ್ಧ ಕೆಲಸ. ಎರಡು ಚಕ್ರ ಒಂದೇ ಗೆರೆಗೆ ಬರುವುದು ಇನ್ನರ್ಧ.

ಈಗ ನಮ್ಮ ಮನೆಗಳಿಗೇ ಬರೋಣ. ಪಂಚಶೀಲ ಹೇಳುತ್ತೇವೆ, 22 ಪ್ರತಿಜ್ಞೆ ಬಾಯಿಪಾಠವಿದೆ. ಮಗಳಿಗೆ ಗಂಡು ನೋಡುವಾಗ ಮಾತ್ರ ಮುಗೇರರೋ, ಆದಿದ್ರಾವಿಡರೋ, ಮುಂಡಾಲರೋ ಎಂಬ ಪ್ರಶ್ನೆ ಮೆಲ್ಲಗೆ ಏಳುತ್ತದೆ. ಪ್ರಶ್ನೆ ಕೇಳುವವರು ಕೆಟ್ಟವರಲ್ಲ; ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ಒಳ್ಳೆಯವರೇ. ಗಂಡಸರು ಹೊರಗೆ ಚಾಪೆಯಲ್ಲಿ ಕುಳಿತು ಸಮತೆಯ ಚರ್ಚೆ ಮಾಡುತ್ತಾರೆ, ಅಕ್ಕಂದಿರು ಒಳಗೆ ಚಹಾದ ಲೋಟ ತೊಳೆಯುತ್ತಾರೆ. ಯಾರಾದರೂ ಬೇಸರಪಟ್ಟು ಬರುವುದು ನಿಲ್ಲಿಸಿದರೆ, ಅವರ ಸ್ವಭಾವವೇ ಹಾಗೆ ಎಂದು ಸುಮ್ಮನಾಗುತ್ತೇವೆ. ಅದು ಬೇರಿಂಗ್ ಬದಲಿಸುವ ರಿಪೇರಿ.

ಭಾನುವಾರ ಬರುವಾಗ ‘ರಥಕಾರ ಸುತ್ತ’ ಓದಿಕೊಂಡು ಬನ್ನಿ. ಈ ವರ್ಷ ನಮ್ಮ ಬಳಗಕ್ಕೆ ಬರುವುದನ್ನು ಬಿಟ್ಟವರು ಯಾರು, ಅವರ ಮನೆಗೆ ಹೋಗಿ ಕಾರಣ ಕೇಳಿದವರು ಯಾರು ಎಂಬುದನ್ನೂ ಮಾತಾಡೋಣ. ಚಹಾ ಈ ಸಲ ಗಂಡಸರ ಜವಾಬ್ದಾರಿ.

ಜೈ ಭೀಮ್ 🙏